ಕನ್ನಡಿ ಕೋಣೆ ಮತ್ತು ಸಣ್ಣತಾಯಮ್ಮನ ಮೊರ

ನನ್ನ ನೆನಪಿನ ಮೇಲೆ ನಂಬಿಕೆಯಿಲ್ಲದ ಕಾರಣಕ್ಕೇ ನಾನು ದಿನಚರಿ ಬರೆಯಲು ಶುರುಮಾಡಿದ್ದು. ಈಗ ನಿವೃತ್ತಳಾಗಿ ಆ ಪುಸ್ತಕಗಳನ್ನು ತೆಗೆದು ಓದುತ್ತಿದ್ದರೆ, ದಿನಚರಿಯನ್ನೂ ಪೂರ್ತಿ ನಂಬುವಂತಿಲ್ಲ ಎಂದು ತಿಳಿಯುತ್ತಿದೆ. ಆಯಾ ದಿನ ಸಂಜೆ ಯಾವುದು ದೊಡ್ಡದು ಎನ್ನಿಸಿತೋ ಅದು ಮಾತ್ರ ಅಲ್ಲಿದೆ. ಇಂಜೆಕ್ಷನ್ ಕೋಣೆಯ ಮೊದಲ ದಿನ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಆ ದಿನದ ಪುಟದಲ್ಲಿ ಇರುವುದು ಒಂದೇ ಸಾಲು: "ಕ್ಯಾಂಟೀನಿನ ಇಡ್ಲಿ ಹುಳಿಯಾಗಿತ್ತು."

ಬೀಳ್ಕೊಡುಗೆಯ ದಿನ ವಿಭಾಗಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಹೇಳಿದರು: "ಮೇಡಂ, ಪುಸ್ತಕದಲ್ಲಿ ಇಲ್ಲದ್ದನ್ನ ಬರೆದುಕೊಡಿ." ಅದಕ್ಕಾಗಿ ಇದು. ಯಾವಾಗ ಸೇರಿದೆ, ಯಾವಾಗ ಬಡ್ತಿ ಬಂತು ಎಂಬುದೆಲ್ಲ ಆಸ್ಪತ್ರೆಯ ಕಡತದಲ್ಲಿದೆ. ಮೈಸೂರಿನಲ್ಲೇ ಬಿ.ಎಸ್ಸಿ. ಮುಗಿಸಿ, ಕಣ್ಣಿನ ವೈದ್ಯರ ಸಹಾಯಕರ ತರಬೇತಿ ಪಡೆದು, ದೇವರಾಜ ಮೊಹಲ್ಲಾದ ಹತ್ತಿರ ಟ್ರಸ್ಟ್ ನಡೆಸುವ ಒಂದು ಕಣ್ಣಿನ ಆಸ್ಪತ್ರೆಗೆ ಸೇರಿದೆ, ಅಲ್ಲೇ ಮುಗಿಸಿದೆ. ರೋಗಿಯ ದೃಷ್ಟಿ ಅಳೆಯುವುದು, ಕಣ್ಣಿಗೆ ಹನಿ ಹಾಕುವುದು, ಇಂಜೆಕ್ಷನ್ ಕೊಡುವಾಗ ಪಕ್ಕದಲ್ಲಿ ನಿಲ್ಲುವುದು ನನ್ನ ಕೆಲಸ. ನಡುವೆ ತಪ್ಪುಗಳನ್ನೂ ಮಾಡಿದೆ. ಅವುಗಳಲ್ಲಿ ಒಂದನ್ನು ಹೇಳಲಿಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಮೊದಲು ಕಾಯಿಲೆ. ಕಣ್ಣಿನ ಹಿಂಭಾಗದ ಪರದೆಯಿಂದ ರಕ್ತವನ್ನು ಹಿಂದಕ್ಕೆ ಒಯ್ಯುವ ನಾಳ ಕೆಲವರಲ್ಲಿ, ಹೆಚ್ಚಾಗಿ ಬಿ.ಪಿ. ಇರುವವರಲ್ಲಿ, ಕಟ್ಟಿಕೊಳ್ಳುತ್ತದೆ. ಆಗ ನೀರು ಒಸರಿ, ಪರದೆಯ ನಟ್ಟನಡುವೆ ನಾವು ಓದುವ, ಮುಖ ಗುರುತಿಸುವ, ಸೂಜಿಗೆ ದಾರ ಪೋಣಿಸುವ ಜಾಗ ಊದಿಕೊಳ್ಳುತ್ತದೆ. ನೋವಿಲ್ಲ. ಒಂದು ಬೆಳಿಗ್ಗೆ ಎದ್ದಾಗ ಎದುರಿಗಿದ್ದವರ ಮೂಗಿನ ಜಾಗದಲ್ಲಿ ಮಸುಕು.

ಇದನ್ನು ನಾನು ನಾಲೆಯ ಹೋಲಿಕೆ ಕೊಟ್ಟು ವಿವರಿಸುತ್ತಿದ್ದೆ. "ನಾಲೆ ಕಟ್ಟಿಕೊಂಡ್ರೆ ಪಕ್ಕದ ಗದ್ದೆಗೆ ನೀರು ಜಿನುಗುತ್ತಲ್ಲ, ಹಾಗೆ." ಕೆ.ಆರ್.ಎಸ್. ಕಡೆಯ ರೈತರೊಬ್ಬರು ಪೂರ್ತಿ ಕೇಳಿಸಿಕೊಂಡು, "ಸರಿ ಕಣಮ್ಮ, ಈ ಸೂಜಿ ನಾಲೆ ಬಿಡುಸ್ತದಾ?" ಎಂದರು.

"ಇಲ್ಲ, ಗದ್ದೆಯ ನೀರು ಇಂಗಿಸುತ್ತೆ."

"ನಾಲೆ ಕಟ್ಕಂಡೇ ಇರ್ತದೆ?"

"ಸ್ವಲ್ಪ ದಿನ ಇರುತ್ತೆ."

"ಅಂಗಾದ್ರೆ ನೀರು ಮತ್ತೆ ಬತ್ತದೆ. ನೀವು ಮತ್ತೆ ಚುಚ್ತೀರಿ. ಒಂದು ಸೂಜಿಗೆ ಮುಗಿಯೋ ಮಾತಲ್ಲ ಅಂತ ಮೊದ್ಲೇ ಯೋಳ್ಬುಡಿ, ಸುತ್ತಿ ಬಳಸಿ ಯಾಕೆ?"

ಅಷ್ಟು ಚೆನ್ನಾಗಿ ಆ ಚಿಕಿತ್ಸೆಯನ್ನು ಅದುವರೆಗೆ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೊದಲು ತಿಂಗಳಿಗೊಂದರಂತೆ ಕೆಲವು ಇಂಜೆಕ್ಷನ್, ಆಮೇಲೆ ಊತ ನೋಡಿಕೊಂಡು ಮುಂದಿನದು. ಬೇಗ ನಿಲ್ಲಿಸಿದರೆ ಊತ ಮರಳುತ್ತದೆ. ಬಹಳ ದಿನ ನಿಂತ ಊತ ಇಳಿದರೂ ಹೋದ ದೃಷ್ಟಿ ಪೂರ್ತಿ ಬರುವುದಿಲ್ಲ.

ನಾನು ಸೇರಿದಾಗ ಇದಕ್ಕೆ ಇಂಜೆಕ್ಷನ್ ಇರಲಿಲ್ಲ. ಲೇಸರ್ ಮಾಡಿ ಕಾಯುತ್ತಿದ್ದೆವು, ಕೆಲವರಿಗೆ ಬರೀ ಕಾಯುತ್ತಿದ್ದೆವು. ಇಂಜೆಕ್ಷನ್ ಬಂದ ಹೊಸದರಲ್ಲಿ ಅದನ್ನು ದೊಡ್ಡ ಆಪರೇಷನ್‌ನಂತೆ ಮಾಡುತ್ತಿದ್ದೆವು. ರೋಗಿಗೆ ಹಸಿರು ಗೌನು, ತಲೆಗೆ ಟೋಪಿ, ಮೈತುಂಬ ಹೊದಿಕೆ. ಹತ್ತು ಸೆಕೆಂಡಿನ ಕೆಲಸಕ್ಕೆ ಮುಕ್ಕಾಲು ಗಂಟೆಯ ಸಿದ್ಧತೆ. ಆಮೇಲೆ ಅದಕ್ಕೇ ಒಂದು ಚಿಕ್ಕ ಕೋಣೆ ಆಯಿತು. ಅಯೋಡಿನ್ ಹನಿ, ಮರಗಟ್ಟಿಸುವ ಹನಿ, ರೆಪ್ಪೆ ಹಿಡಿದಿಡುವ ಕ್ಲಿಪ್, ಬಿಳಿಭಾಗದಲ್ಲಿ ಅಳತೆ ಮಾಡಿ ಒಂದು ಸೂಜಿ. ಇವೆಲ್ಲ ಬದಲಾದರೂ ಒಂದು ಮಾತ್ರ ಬದಲಾಗಲಿಲ್ಲ. ಸೂಜಿ ಹೋಗುವಾಗ ರೋಗಿಯ ಕೈಯನ್ನು ನಾನು ಹಿಡಿದುಕೊಳ್ಳಬೇಕಿತ್ತು.

ಹಾಗೆ ಹೇಳಿದವರು ನಮ್ಮ ವಿಭಾಗದ ಹಿರಿಯ ವೈದ್ಯರು. ನಾವು ಅವರನ್ನು ದೊಡ್ಡ ಡಾಕ್ಟರು ಎನ್ನುತ್ತಿದ್ದೆವು. ಚಳಿಗಾಲದಲ್ಲಿ ರೋಗಿಯ ರೆಪ್ಪೆ ಮುಟ್ಟುವ ಮೊದಲು ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ರೋಗಿಗಳ ಮೇಲೆ ಅವರು ದನಿ ಎತ್ತಿದ್ದನ್ನು ನಾನು ಕೇಳಿಲ್ಲ. ಎತ್ತಬೇಕಾದ ದನಿಯನ್ನೆಲ್ಲ ನಮಗಾಗಿ ಉಳಿಸಿಕೊಂಡಿದ್ದರು. "ಏನ್ರೀ ಇದು, ಕಣ್ಣು ನೋಡಿ ಬರೆದ್ರೋ, ಕ್ಯಾಲೆಂಡರ್ ನೋಡಿ ಬರೆದ್ರೋ?" ಎನ್ನುವುದು ದಿನಕ್ಕೆ ಎರಡು ಸಲವಾದರೂ ಇತ್ತು. ಬೈದದ್ದು ಅವರಿಗೆ ಮಧ್ಯಾಹ್ನದ ಹೊತ್ತಿಗೆ ನೆನಪಿರುತ್ತಿರಲಿಲ್ಲ. "ಊಟ ಆಯ್ತೇನ್ರೀ?" ಎಂದು ಅವರೇ ಕೇಳುತ್ತಿದ್ದರು.

ಒಂದು ಸಲ, ಇಂಜೆಕ್ಷನ್ ತೆಗೆದುಕೊಂಡು ಹೋದ ನಿವೃತ್ತ ಮೇಷ್ಟ್ರೊಬ್ಬರು ಅರ್ಧ ಗಂಟೆಯಲ್ಲಿ ಆಟೋದಲ್ಲಿ ವಾಪಸು ಬಂದರು. "ಕಣ್ಣೊಳಗೆ ಗೊದಮೊಟ್ಟೆ ಬಿಟ್ಟಿದ್ದೀರಿ. ಕಪ್ಪಗೆ ದುಂಡಗೆ ಇದೆ, ಓಡಾಡ್ತಿದೆ." ಔಷಧದ ಜೊತೆ ಒಳಗೆ ಹೋದ ಗಾಳಿಯ ಗುಳ್ಳೆ ಅದು. ಒಂದೆರಡು ದಿನದಲ್ಲಿ ಕರಗುತ್ತದೆ. ನಾನು ಮೊದಲೇ ಹೇಳಿ ಕಳಿಸಬೇಕಿತ್ತು, ಮರೆತಿದ್ದೆ. ದೊಡ್ಡ ಡಾಕ್ಟರು ವಿವರಿಸಿದ ಮೇಲೂ ಮೇಷ್ಟ್ರು ಬಿಡಲಿಲ್ಲ. "ಗುಳ್ಳೆ ಆದ್ರೆ ಮೇಲಕ್ಕೆ ತೇಲಬೇಕು. ಇದು ಕೆಳಗೆ ಕಾಣ್ತಿದೆ."

"ಮೇಲೇ ತೇಲ್ತಿದೆ ಮೇಷ್ಟ್ರೇ. ಕಣ್ಣಿನೊಳಗೆ ಚಿತ್ರ ತಲೆಕೆಳಗಾಗಿ ಬೀಳುತ್ತೆ, ಅದಕ್ಕೆ ಕೆಳಗೆ ಇದ್ದ ಹಾಗೆ ಕಾಣ್ತದೆ."

ಮೇಷ್ಟ್ರು, "ಮೂವತ್ತು ವರ್ಷ ಇದನ್ನೇ ಬೋರ್ಡಿನ ಮೇಲೆ ಬರೆದಿದ್ದೆ. ಇವತ್ತು ನೋಡಿದೆ," ಎಂದು ಎದ್ದು ಹೋದರು. ಅವರು ಹೋದ ಮೇಲೆ ನನಗೆ ಬೈಗುಳ ಬಿತ್ತು. ಅದು ನ್ಯಾಯವಾದ ಬೈಗುಳ.

ಇನ್ನು ಸಣ್ಣತಾಯಮ್ಮ.

ಅವರದು ನಂಜನಗೂಡಿನ ಕಡೆಯ ಹಳ್ಳಿ. ಮದುವೆಯಾಗಿ ಮೇಟಗಳ್ಳಿಗೆ ಬಂದು, ಅಲ್ಲಿನ ಒಂದು ಸರ್ಕಾರಿ ಶಾಲೆಯಲ್ಲಿ ಮಕ್ಕಳ ಬಿಸಿಯೂಟಕ್ಕೆ ಅಡುಗೆ ಮಾಡುತ್ತಿದ್ದರು. ಎಡಗಣ್ಣು ಚಿಕ್ಕಂದಿನಲ್ಲೇ ಹೋಗಿತ್ತು, ಒಕ್ಕಣೆಯಲ್ಲಿ ಭತ್ತದ ತೆನೆ ಚುಚ್ಚಿ. ಉಳಿದಿದ್ದ ಬಲಗಣ್ಣಿನ ನಾಳ ಕಟ್ಟಿಕೊಂಡು ನಮ್ಮಲ್ಲಿಗೆ ಬಂದರು. ಮೊದಲ ದಿನವೇ ಹೇಳಿದರು: "ಅಡ್ಗೆ ಕಣ್ ಮುಚ್ಕಂಡೂ ಮಾಡ್ತೀನಿ. ಅಕ್ಕೀಲಿ ಕಲ್ಲು ಆರ್ಸಕ್ಕೆ ಕಣ್ ಬೇಕು. ಮಕ್ಕಳ ಹಲ್ಲಿಗೆ ಕಲ್ಲು ಸಿಕ್ರೆ ಆ ದಿನವೇ ನನ್ ಕೆಲ್ಸ ಹೋಯ್ತು ಅನ್ಕಳಿ. ಕೆಲ್ಸ ಹೋದ್ರೆ ಹೋಗ್ಲಿ, ಮಗು ನೋಯ್ಸ್ಕತದಲ್ಲ."

ಮೂರು ಇಂಜೆಕ್ಷನ್ನಿಗೆ ದೃಷ್ಟಿ ಚೆನ್ನಾಗಿ ಮೇಲೆ ಬಂತು. ಪ್ರತಿ ಸಲವೂ ಮಲಗಿದ ಕೂಡಲೇ ನನ್ನ ಕೈಯನ್ನು ಅವರೇ ಹುಡುಕಿ ಹಿಡಿದುಕೊಳ್ಳುತ್ತಿದ್ದರು. ಸೌಟು ಹಿಡಿದು ಗಟ್ಟಿಯಾದ ಅಂಗೈ. ಸೂಜಿ ಹೋಗುವಾಗ ನನ್ನ ಬೆರಳಿನ ಮೂಳೆ ಲಟಕ್ಕೆನ್ನುತ್ತಿತ್ತು. "ನಿಮ್ಗೂ ನೋವಾಯ್ತಾ? ಸರಿ ಬುಡಿ, ಹಂಚ್ಕಂಡಂಗಾಯ್ತು," ಎನ್ನುತ್ತಿದ್ದರು.

ನಮ್ಮ ಆಗಿನ ದೃಷ್ಟಿ ಪರೀಕ್ಷೆಯ ಕೋಣೆಯನ್ನು ಇಲ್ಲಿ ಸರಿಯಾಗಿ ವಿವರಿಸಬೇಕು. ರೋಗಿಗೂ ಪಟ್ಟಿಗೂ ಇಪ್ಪತ್ತು ಅಡಿ ದೂರ ಇರಬೇಕು. ಕೋಣೆ ಅದರ ಅರ್ಧದಷ್ಟಿತ್ತು. ಅದಕ್ಕೆ ಪಟ್ಟಿಯನ್ನು ರೋಗಿಯ ಹಿಂದಿನ ಗೋಡೆಗೆ ಹಾಕಿ, ಎದುರು ಗೋಡೆಯ ಕನ್ನಡಿಯಲ್ಲಿ ನೋಡಿಸುತ್ತಿದ್ದೆವು. ಓದು ಬಾರದವರ ಪಟ್ಟಿಯಲ್ಲಿ ಅಕ್ಷರ ಇರುವುದಿಲ್ಲ. ಮೂರು ಹಲ್ಲಿನ ಬಾಚಣಿಗೆಯಂಥ ಒಂದೇ ಗುರುತು, ಸಾಲಿನಿಂದ ಸಾಲಿಗೆ ಚಿಕ್ಕದಾಗುತ್ತ ಹೋಗುತ್ತದೆ. ಹಲ್ಲು ಮೇಲಕ್ಕಿದೆಯೋ ಕೆಳಕ್ಕೋ, ಎಡಕ್ಕೋ ಬಲಕ್ಕೋ ಎಂದು ರೋಗಿ ಬೆರಳಿನಲ್ಲಿ ತೋರಿಸಬೇಕು. ನಾನು ಹಿಂದೆ ನಿಂತು ಕಡ್ಡಿಯಿಂದ ಒಂದೊಂದಾಗಿ ಮುಟ್ಟುತ್ತ, ಸರಿಯಾದರೆ "ಹ್ಞೂಂ" ಎನ್ನುತ್ತಿದ್ದೆ. ಸೆಕೆಗೆ ಬಾಗಿಲು ಯಾವಾಗಲೂ ತೆರೆದಿರುತ್ತಿತ್ತು. ಕಾಯುವವರ ಬೆಂಚು ಬಾಗಿಲಿನ ಹೊರಗೇ, ಕುರ್ಚಿಯ ಹಿಂಬದಿಗೆ.

ನಾಲ್ಕನೆಯ ಸಲ ಬಂದಾಗ ಸಣ್ಣತಾಯಮ್ಮನ ದೃಷ್ಟಿ ಎರಡು ಸಾಲು ಇಳಿದಿತ್ತು. ಚೀಟಿ ನೋಡಿದ ದೊಡ್ಡ ಡಾಕ್ಟರು ಅವರ ಎದುರಿಗೇ ನನ್ನನ್ನು ಹಿಡಿದರು. "ಹೋದ ಸಲ ಅಷ್ಟು ಚೆನ್ನಾಗಿದ್ದದ್ದು ಈಗ ಹೇಗ್ರೀ ಇಳಿಯುತ್ತೆ? ನಿದ್ದೆಯಲ್ಲಿ ಬರೆದ್ರಾ? ಹೋಗಿ, ಮತ್ತೆ ನೋಡಿ." ಮತ್ತೆ ನೋಡಿದೆ, ಅಷ್ಟೇ ಬಂತು. ಅವರು ಗೊಣಗಿ ಇಂಜೆಕ್ಷನ್ ಕೊಟ್ಟರು. ನನಗೆ ಅದು ಮಾಮೂಲಿ. ಮಧ್ಯಾಹ್ನ "ಊಟ ಆಯ್ತೇನ್ರೀ?" ಎಂದಾಗ ಆಯಿತು ಎಂದೆ.

ಮುಂದಿನ ತಿಂಗಳು ಅವರ ದೃಷ್ಟಿ ಎರಡು ಸಾಲು ಏರಿತು. ನನ್ನ ದಿನಚರಿಯಲ್ಲಿ ಇದೆ: "ಸಣ್ಣತಾಯಮ್ಮ. ಎರಡು ಸಾಲು ಜಾಸ್ತಿ. ಸಂತೋಷ." ದೊಡ್ಡ ಡಾಕ್ಟರಿಗೂ ಸಂತೋಷ. "ಈ ಸಲ ಸೂಜಿ ಬೇಡ ತಾಯಿ, ಮುಂದಿನ ತಿಂಗಳು ನೋಡೋಣ." ಊತ ಅಳೆಯುವ ಸ್ಕ್ಯಾನ್ ಯಂತ್ರ ಆಗ ನಮ್ಮಲ್ಲಿರಲಿಲ್ಲ, ಹೊರಗೆ ಕಳಿಸಬೇಕಿತ್ತು. ಇಂಜೆಕ್ಷನ್ ನಿಲ್ಲಿಸಿದ ಮೇಲೆ ದೃಷ್ಟಿ ಇಳಿದರೆ ಮಾತ್ರ ಕಳಿಸುತ್ತಿದ್ದರು. ಅಂದರೆ ಎಲ್ಲವೂ ನನ್ನ ಕಡ್ಡಿ ಮತ್ತು ಅವರ ಬೆರಳಿನ ಮೇಲೆ ನಿಂತಿತ್ತು. ಅದರ ಮುಂದಿನ ತಿಂಗಳೂ ಹಾಗೇ. ಮತ್ತೆ ಸೂಜಿ ಬೇಡವಾಯಿತು.

ಅದರ ಮುಂದಿನ ಸಲ ಅವರು ಬರುವ ಹೊತ್ತಿಗೆ ನಾವು ಹೊಸ ಕೋಣೆಗೆ ಹೋಗಿದ್ದೆವು. ಉದ್ದನೆಯ ಕೋಣೆ, ಕನ್ನಡಿ ಬೇಕಿಲ್ಲ. ಅದೇ ಪಟ್ಟಿ ಈಗ ನೇರ ಎದುರು ಗೋಡೆಯಲ್ಲಿ. ಸಣ್ಣತಾಯಮ್ಮ ಕೂತು, ಸೀರೆ ಸರಿಮಾಡಿಕೊಂಡು, ಬೆರಳು ಎತ್ತಿದರು. ಮೇಲಿನ ದೊಡ್ಡ ಗುರುತುಗಳು ಸರಿಯಾದವು. ನಾಲ್ಕನೆಯ ಸಾಲಿನಿಂದ ವಿಚಿತ್ರ ಶುರುವಾಯಿತು. ಮೇಲೆ ಎಂದಿದ್ದೆಲ್ಲ ಸರಿ, ಕೆಳಗೆ ಎಂದಿದ್ದೆಲ್ಲ ಸರಿ. ಬಲಕ್ಕೆ ಇದ್ದದ್ದಕ್ಕೆ ಎಡಕ್ಕೆ ತೋರಿಸುತ್ತಿದ್ದರು, ಎಡಕ್ಕೆ ಇದ್ದದ್ದಕ್ಕೆ ಬಲಕ್ಕೆ. ಒಂದೂ ಬಿಡದೆ.

ನಾನು, "ಸಣ್ಣತಾಯಮ್ಮ, ಬಲಗೈ ಎತ್ತಿ," ಎಂದೆ. ಸರಿಯಾಗಿ ಎತ್ತಿದರು.

ಆಗ ಹೊಳೆಯಿತು. ಕನ್ನಡಿಯಲ್ಲಿ ಎಡಬಲ ಅದಲುಬದಲಾಗಿ ಕಾಣುತ್ತದೆ, ಮೇಲು ಕೆಳಗು ಆಗುವುದಿಲ್ಲ. ಸಣ್ಣತಾಯಮ್ಮ ತೋರಿಸುತ್ತಿದ್ದದ್ದು ಎದುರಿನ ಪಟ್ಟಿಯನ್ನಲ್ಲ. ಹಳೆಯ ಕೋಣೆಯ ಕನ್ನಡಿಯಲ್ಲಿದ್ದ ಪಟ್ಟಿಯನ್ನು. ನಾನು ಸಾಲಿನ ಮಧ್ಯದಿಂದ ಒಂದು, ಕೊನೆಯಿಂದ ಒಂದು ಎಂದು ಅಡ್ಡಾದಿಡ್ಡಿ ಮುಟ್ಟಿದೆ. ಅವರ ಬೆರಳು ಗಾಳಿಯಲ್ಲಿ ನಿಂತುಬಿಟ್ಟಿತು.

"ಕಾಣ್ತಿಲ್ವಾ?"

"ಕಾಣಕಿಲ್ಲ."

"ಎಷ್ಟು ದಿನದಿಂದ?"

"ಎರಡು ತಿಂಗ್ಳಾಯ್ತು ಅನ್ಕಳಿ."

"ಮತ್ತೆ ಹೇಗೆ ತೋರಿಸಿದ್ರಿ?"

"ಬೆಂಚ್ ಮ್ಯಾಲೆ ಕೂತ್ಕಂಡು ಬೇರೇರ ಕೈ ನೋಡ್ತಿದ್ದೆ. ನೀವು ಹ್ಞೂಂ ಅಂದ್ರೆ ಸರಿ, ಸುಮ್ನಾದ್ರೆ ತಪ್ಪು. ದಿನಾ ಅದೇ ವರಸೆ ಹಾಕ್ತೀರಿ. ಎಂಟು ಚುಕ್ಕಿ ರಂಗೋಲಿಗಿಂತ ಸಲೀಸು."

"ಯಾಕೆ ಹೀಗೆ ಮಾಡಿದ್ರಿ?"

ಅವರು ಬಾಗಿಲ ಕಡೆ ನೋಡಿ ಮೆಲ್ಲಗೆ ಹೇಳಿದರು. "ಅವತ್ತು ನಿಮ್ಮುನ್ನ ಅಂಗೆ ಬೈದ್ರಲ್ಲ. ತಲೆ ತಗ್ಗುಸ್ಕಂಡು ನಿಂತಿದ್ರಿ. ನನ್ ಕಣ್ ಮಾಡಿದ್ ತಪ್ಪಿಗೆ ನಿಮ್ಗ್ಯಾಕೆ ಬೈಗ್ಳ? ನಿಮ್ ಕೈ ಬೇರೆ ಅಷ್ಟು ಹಿಸುಕಿರ್ತೀನಿ."

ಆಮೇಲೆ ಉಳಿದದ್ದನ್ನೂ ಹೇಳಿದರು. ಬೆಳಿಗ್ಗೆ ಅಕ್ಕಿ ಕೇರುವಾಗ ಮೊರದ ಬಿದಿರ ಹೆಣಿಗೆ ನಡುವಿನಲ್ಲಿ ಸೊಟ್ಟಗೆ, ನೀರಲ್ಲಿ ಅದ್ದಿದ ಹಾಗೆ ಕಾಣುತ್ತಿತ್ತಂತೆ. ಒಂದು ವಾರದಲ್ಲಿ ಎರಡು ಸಲ ಮಕ್ಕಳ ತಟ್ಟೆಯಲ್ಲಿ ಕಲ್ಲು ಸಿಕ್ಕಿತ್ತು. ಜೊತೆಯ ಅಡುಗೆಯವರಿಗೆ ಅಕ್ಕಿ ಆರಿಸಲು ಕೊಟ್ಟು ತಾವು ಒಲೆಯ ಮುಂದೆ ನಿಂತಿದ್ದರು. ಊತ ಮರಳಿದ್ದು ಮೊರಕ್ಕೆ ಗೊತ್ತಿತ್ತು. ನನ್ನ ಚೀಟಿಗೆ ಗೊತ್ತಿರಲಿಲ್ಲ. ಗೆರೆ ಸೊಟ್ಟಗೆ ಕಂಡರೆ ಕೂಡಲೇ ಬನ್ನಿ ಎಂದು ಚೌಕಳಿ ಗೆರೆಯ ಕಾಗದ ಕೊಟ್ಟು ಕಳಿಸುತ್ತಿದ್ದವಳು ನಾನೇ. ಅದನ್ನು ಅವರು ಮಡಚಿ ದೇವರ ಪಟದ ಹಿಂದೆ ಇಟ್ಟಿದ್ದರು.

ದೊಡ್ಡ ಡಾಕ್ಟರ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಬೈಗುಳಕ್ಕೆ ಸಿದ್ಧಳಾಗಿದ್ದೆ. ಅವರು ಪೆನ್ನು ಕೆಳಗಿಟ್ಟು ಸಣ್ಣತಾಯಮ್ಮನ ಕಡೆ ತಿರುಗಿದರು.

"ನಾನು ಇವರಿಗೆ ಬೈದೆ ಅಂತ ಹೀಗೆ ಮಾಡಿದ್ರಾ ತಾಯಿ?"

"ಊಂ ಮತ್ತೆ. ನೀವು ಒಳ್ಳೇರೇ ಕಣ್ರೀ, ಕೈ ಬೋ ಹಗುರ. ಬಾಯಿ ಒಸಿ ಜೋರು."

ಕೋಣೆಯಲ್ಲಿ ಯಾರೂ ನಗಲಿಲ್ಲ. "ಇವತ್ತೇ ಸ್ಕ್ಯಾನ್ ಮಾಡಿಸಿ," ಎಂದು ದೊಡ್ಡ ಡಾಕ್ಟರು ನನಗೆ ಹೇಳಿದರು. ಊತ ಮೊದಲಿದ್ದಷ್ಟೇ ಇತ್ತು. ಅಂದೇ ಇಂಜೆಕ್ಷನ್ ಆಯಿತು. ಮತ್ತೆ ತಿಂಗಳಿಗೊಂದರಂತೆ ಶುರುವಾಯಿತು. ನಾನು ಕೈ ಹಿಡಿದುಕೊಂಡೆ. ಅವತ್ತು ಅವರು ಹಿಸುಕಲಿಲ್ಲ.

ಈ ಭಾಗ ನನ್ನ ನೆನಪಿನಲ್ಲಿ ಇರುವ ಹಾಗೆ ಬರೆದಿದ್ದೇನೆ. ಆ ದಿನದ ದಿನಚರಿಯಲ್ಲಿ "ಹೊಸ ಕೋಣೆ. ಗಾಳಿ ಚೆನ್ನಾಗಿದೆ. ಸಣ್ಣತಾಯಮ್ಮನಿಗೆ ಸ್ಕ್ಯಾನ್" ಎಂದು ಮಾತ್ರ ಇದೆ. ನಾಚಿಕೆಯನ್ನು ನಾನು ಕಾಗದಕ್ಕೂ ಹೇಳಿರಲಿಲ್ಲ. ಇನ್ನೂ ಒಂದು ಚಿತ್ರ ನನ್ನನ್ನು ಕಾಡುತ್ತದೆ. ಹಳೆಯ ಕೋಣೆ, ಕನ್ನಡಿಯಲ್ಲಿ ಸಣ್ಣತಾಯಮ್ಮನ ಕೈ, ನನ್ನ ಕಡ್ಡಿ ಗುರುತನ್ನು ಮುಟ್ಟುವ ಮೊದಲೇ ಆ ಬೆರಳು ತಿರುಗುತ್ತಿದೆ. ಇದು ನಾನು ಅಂದು ನಿಜವಾಗಿ ನೋಡಿದ್ದೋ, ವಿಷಯ ತಿಳಿದ ಮೇಲೆ ಮನಸ್ಸು ಕಟ್ಟಿಕೊಂಡದ್ದೋ? ನೋಡಿದ್ದೇ ಆದರೆ, ನನಗೆ ಅನುಮಾನ ಬಂದಿತ್ತು, ಆದರೂ ಬರೆದೆ ಎಂದಾಗುತ್ತದೆ. ಎರಡು ಸಾಲು ಜಾಸ್ತಿ ಬರೆದರೆ ಬೈಗುಳ ಇಲ್ಲ, ಎಲ್ಲರಿಗೂ ಸಂತೋಷ. ಅವರು ನನ್ನನ್ನು ಉಳಿಸಲು ಸುಳ್ಳು ತೋರಿಸಿದರು ಎಂದು ಹೇಳುವುದು ಸುಲಭ. ಆ ಸುಳ್ಳು ನನಗೂ ಬೇಕಾಗಿತ್ತೇ? ಕೇಳಿಕೊಂಡಷ್ಟೂ ಆ ಬೆರಳು ಇನ್ನಷ್ಟು ಸ್ಪಷ್ಟವಾಗುತ್ತದೆ. ಅದಕ್ಕೇ ನಂಬಲು ಹೆದರಿಕೆ.

ಆ ಎರಡು ತಿಂಗಳ ಬೆಲೆ ಎಷ್ಟು ಎಂಬುದೂ ಗೊತ್ತಿಲ್ಲ. ಇಂಜೆಕ್ಷನ್ ಮುಂದುವರಿದ ಮೇಲೆ ಊತ ಇಳಿಯಿತು, ದೃಷ್ಟಿ ಬಂತು, ಆದರೆ ಮೊದಲ ಮೂರು ತಿಂಗಳಲ್ಲಿ ಏರಿದ್ದ ಎತ್ತರಕ್ಕೆ ಮತ್ತೆಂದೂ ಏರಲಿಲ್ಲ. ಒಂದು ಸಾಲು ಕಡಿಮೆಯೇ ಉಳಿಯಿತು. ಸಮಯಕ್ಕೆ ಸೂಜಿ ಬಿದ್ದಿದ್ದರೆ ಅದೂ ಉಳಿಯುತ್ತಿತ್ತೇ ಎಂದು ದೊಡ್ಡ ಡಾಕ್ಟರನ್ನು ಕೇಳಿದೆ. "ಹೇಳೋಕಾಗಲ್ಲ ಕಣ್ರೀ," ಎಂದರು. ಆಮೇಲೆ, "ತಪ್ಪು ನಮ್ಮಿಬ್ಬರದೂ," ಎಂದರು. ಅವರ ಬಾಯಿಂದ ಕ್ಷಮೆಯ ಹತ್ತಿರಕ್ಕೆ ಬಂದ ಮಾತು ನನ್ನ ಮಟ್ಟಿಗೆ ಅದೊಂದೇ.

ಅಲ್ಲಿಂದ ಕೆಲವು ಬದಲಾವಣೆಗಳಾದವು. ನನ್ನ ಬಾಯಿಂದ "ಹ್ಞೂಂ" ನಿಂತಿತು. ಕಡ್ಡಿ ಒಂದೇ ವರಸೆಯಲ್ಲಿ ಹೋಗುವುದು ನಿಂತಿತು. ಸೆಕೆಯಾದರೂ ಬಾಗಿಲು ಮುಚ್ಚಿತು. ದೊಡ್ಡ ಡಾಕ್ಟರು ಅನುಮಾನ ಬಂದರೆ ಚೀಟಿಯಲ್ಲಿ "ಮತ್ತೊಮ್ಮೆ ನೋಡಿ" ಎಂದು ಬರೆದು ಕಳಿಸತೊಡಗಿದರು. ಒಂದು ದಿನ ಮರೆತು ಹಳೆಯ ದನಿ ತೆಗೆದಾಗ, ಹೊದಿಕೆಯ ಕೆಳಗೆ ಮಲಗಿದ್ದ ಸಣ್ಣತಾಯಮ್ಮ, "ಡಾಕ್ಟ್ರೇ, ಬಾಯಿ," ಎಂದರು. ಅವರು ತಟ್ಟನೆ ನಿಲ್ಲಿಸಿ, "ಆಯ್ತು ತಾಯಿ," ಎಂದರು. ಆಗ ಎಲ್ಲರೂ ನಕ್ಕೆವು.

ಸ್ಕ್ಯಾನ್ ಯಂತ್ರ ನಮ್ಮಲ್ಲಿಗೇ ಬಂತು. ಈಗ ಪ್ರತಿ ಸಲವೂ ಊತವನ್ನು ಅಳೆಯುತ್ತಾರೆ, ಬರೀ ದೃಷ್ಟಿಯ ಮೇಲೆ ಯಾರ ಸೂಜಿಯೂ ನಿಲ್ಲುವುದಿಲ್ಲ. ಹೊಸ ಹುಡುಗಿಯರು, ಇಷ್ಟೆಲ್ಲ ಇರುವಾಗ ದೃಷ್ಟಿ ಪಟ್ಟಿ ಯಾಕೆ ಎನ್ನುತ್ತಾರೆ. ಯಂತ್ರ ಪರದೆಯ ಊತ ಹೇಳುತ್ತದೆ, ಮನುಷ್ಯನಿಗೆ ಏನು ಕಾಣುತ್ತದೆ ಎಂದು ಹೇಳುವುದಿಲ್ಲ. ಅದನ್ನು ಅವರ ಬಾಯಿಂದಲೇ ಕೇಳಬೇಕು. ನಿಮ್ಮನ್ನು ನೋಯಿಸಬಾರದು ಎಂಬ ಪ್ರೀತಿಯಿಂದ ಅವರು ಅದನ್ನು ಮುಚ್ಚಿಡಬಹುದು. "ಕಾಣ್ತದೆ ಕಣಮ್ಮ" ಎಂದು ಯಾರಾದರೂ ತುಂಬ ಬೇಗ ಹೇಳಿದರೆ, ಅವರು ನಿಮ್ಮ ಮುಖ ನೋಡಿ ಹೇಳುತ್ತಿದ್ದಾರೆಯೇ ಎಂದು ಒಮ್ಮೆ ಗಮನಿಸಿ.

ಸಣ್ಣತಾಯಮ್ಮ ಶಾಲೆಯ ಅಡುಗೆ ಬಿಡಲಿಲ್ಲ. ಅವರು ಆರಿಸಿದ ಅಕ್ಕಿಯನ್ನು ಜೊತೆಯವರು ಇನ್ನೊಮ್ಮೆ ನೋಡುತ್ತಿದ್ದರು. ಆಮೇಲೆ ತಟ್ಟೆಯಲ್ಲಿ ಕಲ್ಲು ಸಿಕ್ಕಿದ ಸುದ್ದಿ ನನಗೆ ತಿಳಿದಂತೆ ಬಂದಿಲ್ಲ. ಚೌಕಳಿ ಕಾಗದ ದೇವರ ಪಟದ ಹಿಂದೆಯೇ ಉಳಿಯಿತು. ದಿನಾ ಬೆಳಿಗ್ಗೆ ಅಕ್ಕಿ ಸುರಿಯುವ ಮೊದಲು ಬರಿಯ ಮೊರವನ್ನು ಕಿಟಕಿಯ ಬೆಳಕಿಗೆ ಹಿಡಿದು ಹೆಣಿಗೆ ನೋಡುವುದು ಅವರ ಪರೀಕ್ಷೆಯಾಯಿತು. ದೊಡ್ಡ ಡಾಕ್ಟರೂ ಅವರನ್ನು "ಹೇಗಿದೆ ಕಣ್ಣು?" ಎಂದು ಕೇಳುವುದು ಬಿಟ್ಟರು. "ಮೊರ ಏನಂತು?" ಎನ್ನುತ್ತಿದ್ದರು.

ನಾನು ನಿವೃತ್ತಳಾಗುವ ಮೊದಲಿನ ವಾರ ಅವರು ದಿನಾಂಕಕ್ಕೆ ಮುಂಚೆಯೇ ಬಂದರು. ಕುರ್ಚಿಯಲ್ಲಿ ಕೂತು ನಾನು ಕಡ್ಡಿ ಎತ್ತುವ ಮೊದಲೇ ಹೇಳಿದರು: "ನಿನ್ನೆ ಬೆಳಿಗ್ಗೆ ಮೊರದ ಮೂಲೇಲಿ ಒಂದ್ ಕಡ್ಡಿ ಬಾಗಿತ್ತು. ಇವತ್ತೂ ಅಂಗೇ ಅದೆ."

ಪರೀಕ್ಷೆ ಮಾಡಿದೆ. ಐದನೆಯ ಸಾಲಿಗೆ ಬಂದಾಗ ಅವರು ಕೈಯನ್ನು ತೊಡೆಯ ಮೇಲಿಟ್ಟುಕೊಂಡರು. "ಇದು ಕಾಣಕಿಲ್ಲ. ಬರ್ಕಳಿ."

ಸ್ಕ್ಯಾನಿನಲ್ಲಿ ಊತ ಇನ್ನೂ ಚಿಕ್ಕದಾಗಿತ್ತು, ಈಗಷ್ಟೇ ಮರಳುತ್ತಿತ್ತು. ಅಂದೇ ಸೂಜಿ ಬಿತ್ತು. ನನ್ನ ಬೆರಳಿನ ಮೂಳೆ ಲಟಕ್ಕೆಂದಿತು.

ಆ ದಿನದ ದಿನಚರಿ ಈಗ ಮುಂದಿದೆ. ಇದನ್ನು ಮಾತ್ರ ನಂಬುತ್ತೇನೆ.

"ಸಣ್ಣತಾಯಮ್ಮ. ಒಂದು ಸಾಲು ಕಡಿಮೆ. ಸಂತೋಷ."